ನುಂಗುವ ‘ಅ’, ನುಂಗಬಾರದ ‘ಅ’

ಹೋದ ತಿಂಗಳು ಇದೇ ಅಂಕಣದಲ್ಲಿ, ಮನೆಯಲ್ಲಿ ನಾಲ್ಕು ಜನರ ಮುಂದೆ ಕತೆ ಗಟ್ಟಿಯಾಗಿ ಓದುವ ಅಭ್ಯಾಸದ ಬಗ್ಗೆ ಬರೆದಿದ್ದೆ. ಕೊನೆಗೆ, ಹಿಂದಿಯ ಹಳೆಯ ಕತೆಗಳನ್ನೂ ಹೀಗೆ ಓದಿ ನೋಡಿ ಅಂತ ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದು ಸಾಲಿನ ಬಗ್ಗೆಯೇ! ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳಿಗೆ ರಜೆ.

ಪ್ರಶ್ನೆ: ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹಿಂದಿ ಕಲಿಸಿ ನಿವೃತ್ತನಾಗಿದ್ದೇನೆ. ಮಗಳು ನೊಯ್ಡಾದಲ್ಲಿದ್ದಾಳೆ. ರಾತ್ರಿ ವಿಡಿಯೊ ಕಾಲ್‌ನಲ್ಲಿ ಮೊಮ್ಮಕ್ಕಳಿಗೆ ಪ್ರೇಮಚಂದರ ‘ಈದ್‌ಗಾಹ್’ ಓದಲು ಶುರು ಮಾಡಿದೆ. ಎರಡನೇ ಪುಟಕ್ಕೇ ದೊಡ್ಡವನು, ‘ಅಜ್ಜಾ, ನೀ ಹಿಂದೀನ ಕನ್ನಡದಾಗ ಓದಾಕತ್ತೀಯಲ್ಲ’ ಅಂದುಬಿಟ್ಟ. ನನ್ನ ಓದಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಮತ್ತೇನು ಸಮಸ್ಯೆ?
— ಓದುಗರು, ಧಾರವಾಡ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ ಸರ್, ಒಂದು ಅಕ್ಷರವನ್ನೂ ಬಿಡದಿರುವುದೇ ಸಮಸ್ಯೆ. ನನಗೂ ಇದೇ ಆಗಿದೆ. ಮದುವೆಯಾದ ಹೊಸದರಲ್ಲಿ ಲಖನೌದಲ್ಲಿದ್ದೆವು. ಪಕ್ಕದ ಮನೆಯ ಅಮ್ಮಾಜಿಗೆ ಕಣ್ಣು ಮಂಜಾಗಿತ್ತು, ಮಧ್ಯಾಹ್ನ ಹೋಗಿ ಅವರಿಗೆ ಕತೆ ಓದುತ್ತಿದ್ದೆ. ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ, ‘ಬಹೂ, ನೀನು ಬರೆದಿರುವುದನ್ನೆಲ್ಲ ಓದುತ್ತೀಯ’ ಅಂದರು. ಹೊಗಳಿದರು ಅಂತ ಖುಷಿಪಟ್ಟೆ. ಅದು ದೂರು ಅಂತ ಗೊತ್ತಾಗಲು ಇನ್ನೊಂದು ವಾರ ಬೇಕಾಯಿತು.

ಕನ್ನಡದಲ್ಲಿ ಬರೆದಿದ್ದೆಲ್ಲ ಬಾಯಿಗೂ ಬರಬೇಕು. ‘ಕಮಲ’ ಅಂದರೆ ಕೊನೆಯ ಲ ಪೂರ್ತಿ ಲ. ಹಿಂದಿಯವರು ಪದದ ಕೊನೆಯ ‘ಅ’ವನ್ನು ಬರೆಯುತ್ತಾರೆ, ಹೇಳುವುದಿಲ್ಲ. ಕಮಲ್, ನಮಕ್, ಗೋದಾನ್. ಇಷ್ಟನ್ನು ನೀವೇ ಸಾವಿರ ಮಕ್ಕಳಿಗೆ ಹೇಳಿಕೊಟ್ಟಿರುತ್ತೀರಿ. ಆದರೆ ಪದದ ನಡುವಿನ ‘ಅ’ ಕೂಡ ಎಷ್ಟೋ ಕಡೆ ಬಿದ್ದುಹೋಗುತ್ತದೆ, ನಮ್ಮವರು ಎಡವುವುದು ಅಲ್ಲೇ. ಬರೆದಿರುವುದು ಬೋಲತಾ, ಹೇಳುವುದು ಬೋಲ್ತಾ. ಲಡಕಾ ಅಲ್ಲ, ಲಡ್ಕಾ. ಚಿಮಟಾ ಅಲ್ಲ, ಚಿಮ್ಟಾ. ಈದ್‌ಗಾಹ್‌ನ ಹಾಮಿದ್ ಜಾತ್ರೆಯಲ್ಲಿ ಆಟಿಕೆ ಬಿಟ್ಟು ಅಜ್ಜಿಗೆ ಅಂತ ಇಕ್ಕಳ ಕೊಳ್ಳುತ್ತಾನಲ್ಲ, ಅಲ್ಲಿಂದ ಕತೆಯ ಕೊನೆಯವರೆಗೂ ಆ ಪದ ಬರುತ್ತಲೇ ಇರುತ್ತದೆ. ಪ್ರತಿ ಸಲ ಚಿ-ಮ-ಟಾ ಅಂತ ಮೂರನ್ನೂ ಬಿಡಿಸಿ ಹೇಳಿದರೆ ನೊಯ್ಡಾದ ಮಕ್ಕಳು ನಗದೆ ಇನ್ನೇನು ಮಾಡುತ್ತಾರೆ?

ಇನ್ನು ‘ವಹ’, ‘ಯಹ’. ಪುಸ್ತಕದಲ್ಲಿ ಹಾಗಿದ್ದರೂ ಬಾಯಲ್ಲಿ ‘ವೊ’, ‘ಯೆ’. ಪಹಲಾ ಅನ್ನುವುದು ಪೆಹ್ಲಾ. ಜ್ಞಾನ ಅಲ್ಲಿ ಗ್ಯಾನ್. ಕೃಪಾ ಅಂದರೆ ನಮ್ಮ ಬಾಯಲ್ಲಿ ‘ಕ್ರುಪಾ’, ಅವರ ಬಾಯಲ್ಲಿ ‘ಕ್ರಿಪಾ’. ಸಂಸ್ಕೃತದ ಪದ ಕಂಡ ಕೂಡಲೇ ನಮ್ಮ ನಾಲಿಗೆ ನಮ್ಮೂರ ಬಸ್ ಹತ್ತಿಬಿಡುತ್ತದೆ, ಅಲ್ಲಿ ಸ್ವಲ್ಪ ಎಚ್ಚರ ಬೇಕು. ಲಡ್ಕಾದ ‘ಡ’ ಬಗ್ಗೆ ಮಾತ್ರ ತಲೆಕೆಡಿಸಿಕೊಳ್ಳಬೇಡಿ, ನಾವು ‘ಹುಡುಗ’ ಅನ್ನುವಾಗ ನಾಲಿಗೆ ತಟ್ಟಿ ಹಾರುತ್ತದಲ್ಲ, ಹೆಚ್ಚುಕಡಿಮೆ ಅದೇ.

‘ಹೈ’, ‘ಔರ್’ ವಿಚಾರದಲ್ಲಿ ನೀವು ಮೊಮ್ಮಗನ ಜೊತೆ ವಾದಕ್ಕೆ ಇಳಿಯಬಹುದು. ದೆಹಲಿ ಕಡೆ ‘ಹೈ’ ಅನ್ನುವುದು ಹೇ ಮತ್ತು ಹ್ಯಾ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ನಾವು ‘ಹಯ್’ ಅನ್ನುತ್ತೇವೆ, ಅವರಿಗೆ ಅದು ಮದ್ರಾಸಿ ಹಿಂದಿ. ಆದರೆ ಪೂರ್ವ ಉತ್ತರ ಪ್ರದೇಶದಲ್ಲಿ, ಬಿಹಾರದಲ್ಲಿ ಜನ ‘ಅಇಸಾ’, ‘ಅಉರ್’ ಅಂತ ಎರಡು ಸ್ವರ ಕೇಳಿಸುವ ಹಾಗೆಯೇ ಮಾತಾಡುತ್ತಾರೆ. ಪ್ರೇಮಚಂದ್ 1880ರಲ್ಲಿ ಹುಟ್ಟಿದ್ದು ಬನಾರಸ್ ಪಕ್ಕದ ಲಮಹಿಯಲ್ಲಿ. ಅವರ ಹಳ್ಳಿ ಜನರ ಮಾತು ನೊಯ್ಡಾದ ಹಾಗೆಯೇ ಕೇಳಿಸಬೇಕು ಅಂತ ಯಾವ ನಿಯಮವೂ ಇಲ್ಲ.

ಚುಕ್ಕಿ ಇರುವ ಅಕ್ಷರಗಳಲ್ಲಿ (ಇಂಗ್ಲಿಷಿನ z, f ಥರದ ಜ಼, ಫ಼) ಮಾತ್ರ ರಿಯಾಯಿತಿ ಕೊಡಲಾರೆ. ಪ್ರೇಮಚಂದ್ ಶುರು ಮಾಡಿದ್ದೇ ಉರ್ದುವಿನಲ್ಲಿ, ನವಾಬ್ ರಾಯ್ ಅನ್ನುವ ಹೆಸರಿನಲ್ಲಿ. 1908ರ ‘ಸೋಜ಼ೆ ವತನ್’ ಕತೆಗಳನ್ನು ಬ್ರಿಟಿಷ್ ಸರ್ಕಾರ ಜಪ್ತಿ ಮಾಡಿದ ಮೇಲೆ ಆ ಹೆಸರು ಬಿಟ್ಟು ಪ್ರೇಮಚಂದ್ ಆದರು. ಹಾಗಾಗಿ ಅವರ ಹಿಂದಿಯಲ್ಲಿ ರಮಜ಼ಾನ್, ರೋಜ಼ಾ, ಬಾಜ಼ಾರ್, ಕಫ಼ನ್ ತುಂಬಿಕೊಂಡಿವೆ. ‘ಜ಼’ವನ್ನು ಬರೀ ‘ಜ’ ಅಂದರೆ ಅರ್ಥವೇನೂ ಕೆಡುವುದಿಲ್ಲ, ರುಚಿ ಕೆಡುತ್ತದೆ. ಬೀದರ್, ಕಲಬುರಗಿ ಕಡೆಯವರಿಗೆ ಇದು ಹೇಳಬೇಕಾಗಿಯೇ ಇಲ್ಲ, ದಖ್ಖನಿ ಉರ್ದು ಕೇಳಿಕೊಂಡೇ ಬೆಳೆದಿರುತ್ತಾರೆ.

ಒಂದು ಕೆಲಸ ಮಾಡಿ. ಓದುವ ಹಿಂದಿನ ದಿನ ಪೆನ್ಸಿಲ್ ಹಿಡಿದು ಕೂತು, ನುಂಗಬೇಕಾದ ಅಕ್ಷರದ ಕೆಳಗೆ ಸಣ್ಣ ಗೀಟು ಹಾಕಿಕೊಳ್ಳಿ. ಮೂರು ಕತೆ ಮುಗಿಯುವ ಹೊತ್ತಿಗೆ ಪೆನ್ಸಿಲ್ ಬೇಕಾಗುವುದಿಲ್ಲ.

ಪ್ರಶ್ನೆ: ನಾನು ಹತ್ತು ವರ್ಷ ಗಮಕ ಕಲಿತವಳು. ನಮ್ಮ ಬಡಾವಣೆಯಲ್ಲಿ ಉತ್ತರದ ಕಡೆಯಿಂದ ಬಂದ ಕೆಲವು ಕುಟುಂಬಗಳಿವೆ, ಅವರ ಜೊತೆ ಸೇರಿ ತುಲಸಿದಾಸರ ‘ರಾಮಚರಿತಮಾನಸ’ ಓದುತ್ತೇವೆ. ಅವರಲ್ಲಿ ಒಬ್ಬರು, ನೀವು ‘ಮಂಗಲ ಭವನ’ ಅನ್ನಬಾರದು, ‘ಮಂಗಲ್ ಭವನ್’ ಅನ್ನಬೇಕು ಅಂತ ತಿದ್ದುತ್ತಾರೆ. ಹಾಗೆ ಹೇಳಿದರೆ ನನಗೆ ಲಯ ಸಿಗುವುದೇ ಇಲ್ಲ. ಯಾರು ಸರಿ?
— ಓದುಗರು, ಮೈಸೂರು

ಉತ್ತರ: ನೀವು! ಧಾರವಾಡದ ಸರ್‌ಗೆ ಮೇಲೆ ಹೇಳಿದ್ದನ್ನೆಲ್ಲ ನೀವು ಈಗ ಮರೆತುಬಿಡಬೇಕು. ಗದ್ಯದಲ್ಲಿ ನುಂಗುವ ‘ಅ’ ಹಳೆಯ ಪದ್ಯಕ್ಕೆ ಬಂದಾಗ ಮತ್ತೆ ಜೀವಂತವಾಗುತ್ತದೆ.

ನಂಬಿಕೆ ಬರದಿದ್ದರೆ ಲೆಕ್ಕ ಹಾಕಿ ತೋರಿಸಿ, ನಿಮಗೆ ಪ್ರಸ್ತಾರ ಹಾಕುವುದು ಹೊಸದೇನಲ್ಲ. ಈ ಸಾಲಿನ ಛಂದಸ್ಸು ಚೌಪಾಈ, ಅಂದರೆ ಸಾಲಿನ ಪ್ರತಿ ಅರ್ಧಕ್ಕೆ 16 ಮಾತ್ರೆ. ‘ಮಂಗಲ ಭವನ ಅಮಂಗಲ ಹಾರೀ’. ಮಂಗಲ ನಾಲ್ಕು, ಭವನ ಮೂರು, ಅಮಂಗಲ ಐದು, ಹಾರೀ ನಾಲ್ಕು. ಸರಿಯಾಗಿ 16. ಈಗ ‘ಮಂಗಲ್ ಭವನ್ ಅಮಂಗಲ್’ ಅಂತ ಮಾತಾಡುವ ಹಾಗೆ ಕತ್ತರಿಸಿ ನೋಡಿ, ಮೂರು ಕಡೆ ಸ್ವರವೇ ಮಾಯ. ತುಲಸಿದಾಸರು 1574ರಲ್ಲಿ ಅಯೋಧ್ಯೆಯಲ್ಲಿ ಕೂತು ಬರೆಯಲು ಶುರು ಮಾಡಿದ್ದು ಆ ಸೀಮೆಯ ‘ಅವಧಿ’ ಭಾಷೆಯಲ್ಲಿ, ಇವತ್ತಿನ ಟಿವಿ ಹಿಂದಿಯಲ್ಲಿ ಅಲ್ಲ.

ಇದರ ಮುಂದಿನ ಅರ್ಧ ಇನ್ನೂ ಮಜಾ ಇದೆ. ‘ದ್ರವಉ ಸೋ ದಸರಥ ಅಜಿರ ಬಿಹಾರೀ’. ಇಲ್ಲಿ ಎಲ್ಲ ಕೂಡಿಸಿದರೆ 17 ಆಗುತ್ತದೆ, ಒಂದು ಜಾಸ್ತಿ. ಕಾರಣ ಆ ‘ಸೋ’. ಅದು ದೀರ್ಘ ಅಲ್ಲ, ಅಲ್ಲಿ ಹೇಳಬೇಕಾದ್ದು ಹ್ರಸ್ವ ‘ಸೊ’. ನಾಗರಿ ಲಿಪಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಬರೆಯಲು ರೂಢಿಯ ಅಕ್ಷರವೇ ಇಲ್ಲ, ಅವಧಿ ಬಾಯಲ್ಲಿ ಮಾತ್ರ ಆ ಶಬ್ದಗಳಿವೆ. ನಮ್ಮ ಲಿಪಿಯಲ್ಲಿ ಎರಡೂ ಇವೆ! ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದುವವರಿಗೆ ತುಲಸಿದಾಸರು ಇಲ್ಲಿ ಒಂದು ಕೈ ಹತ್ತಿರ ಅಂತ ನನಗೆ ಅನ್ನಿಸುವುದುಂಟು. (ನಿಮ್ಮನ್ನು ತಿದ್ದುವವರಿಗೆ ಇದನ್ನು ಹೇಳುವಾಗ ಸ್ವಲ್ಪ ಮೆತ್ತಗೆ ಹೇಳಿ.)

ಆದರೆ ನೀವೂ ತಪ್ಪು ಮಾಡುವ ಜಾಗ ಒಂದಿದೆ. ‘ದಸರಥ’ವನ್ನು ದಶರಥ, ‘ಬಿಹಾರೀ’ಯನ್ನು ವಿಹಾರೀ ಮಾಡುತ್ತೀರಾ? ಮಾಡಬೇಡಿ. ಅಚ್ಚಿನ ತಪ್ಪಲ್ಲ ಅದು, ಅವಧಿ.

ಕಬೀರರ ದೋಹೆಗೂ ಇದೇ ಮಾತು. ಅಲ್ಲಿ ಮೊದಲ ತುಂಡು 13, ಎರಡನೆಯದು 11. ‘ಕಬಿರಾ ಖಡಾ ಬಜಾರ ಮೇಂ, ಲಿಏ ಲುಕಾಠೀ ಹಾಥ’ ಅನ್ನುವಾಗ ಬಜಾರದ ‘ರ’, ಹಾಥದ ‘ಥ’ ಪೂರ್ತಿ ಬಂದರೇ ಲೆಕ್ಕ ಸರಿಹೋಗುವುದು. ಅನುಮಾನ ಇದ್ದರೆ ಕುಮಾರ ಗಂಧರ್ವರ ನಿರ್ಗುಣ ಭಜನೆಗಳನ್ನು ಕೇಳಿ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಅವರು. ಕ್ಷಯ ಹಿಡಿದು ದೇವಾಸ್‌ನಲ್ಲಿ ಹಾಸಿಗೆಯಲ್ಲಿದ್ದಾಗ ಮಾಳವದ ಜನ ಹಾಡುವುದನ್ನು ಕೇಳಿ ಕೇಳಿ ಕಬೀರರನ್ನು ತಮ್ಮ ಕಂಠಕ್ಕೆ ತಂದುಕೊಂಡರು. ಹಿಂದಿ ಸೀಮೆಯವರೇ ಕಬೀರರನ್ನು ಕೇಳಬೇಕು ಅಂದಾಗ ಹಾಕುವುದು ಈ ಕನ್ನಡಿಗರ ರೆಕಾರ್ಡು.

ಗಮಕದಲ್ಲಿ ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ ಮಾಡುತ್ತೇವಲ್ಲ, ಮಾನಸಕ್ಕೂ ಅದನ್ನೇ ಮಾಡಿ ನೋಡಿ. ಕುಮಾರವ್ಯಾಸನಿಗೆ ಒಗ್ಗಿದ್ದು ತುಲಸಿದಾಸರಿಗೆ ಒಗ್ಗದೆ ಇರುವುದಿಲ್ಲ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ನಾವು ಐದಾರು ಜನ ಭಾನುವಾರ ಹಿಂದಿ ಕತೆ ಓದುತ್ತೇವೆ ಅಕ್ಕ. ಹಳೆಯ ಪದ ಬಂದಾಗ ನಿಲ್ಲಿಸಿ ಅರ್ಥ ಹೇಳುತ್ತೇನೆ, ಅಷ್ಟರಲ್ಲಿ ಎಲ್ಲರೂ ಮೊಬೈಲ್ ತೆಗೆದಿರುತ್ತಾರೆ. ಹಳೆಯ ಪದದ ಬದಲು ಹೊಸ ಪದ ಹಾಕಿ ಓದಿಬಿಡಲಾ?
— ಓದುಗರು, ಶಿವಮೊಗ್ಗ

ಉತ್ತರ: ಬೇಡಪ್ಪಾ. ಪದ ಬದಲಿಸುತ್ತಾ ಹೋದರೆ ಕೊನೆಗೆ ಉಳಿಯುವುದು ನಿನ್ನ ಕತೆ. ನಡುವೆ ನಿಲ್ಲಿಸುವುದೂ ಬೇಡ. ಏನು ಹೇಳುವುದಿದ್ದರೂ ಓದು ಶುರುವಾಗುವ ಮೊದಲು, ಎರಡು ನಿಮಿಷದಲ್ಲಿ ಹೇಳಿ ಮುಗಿಸು. ಅದರಲ್ಲೂ ಎಲ್ಲ ಪದ ಬೇಡ, ಗೊತ್ತಿಲ್ಲದಿದ್ದರೆ ಕತೆಯೇ ಸಿಗದು ಅನ್ನುವಂಥ ಮೂರೋ ನಾಲ್ಕೋ ಸಾಕು.

ಈದ್‌ಗಾಹ್‌ನಲ್ಲಿ ಅದು ಯಾವುದು ಗೊತ್ತಾ? ದುಡ್ಡು. ಆಗ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. ಹಾಮಿದ್ ಹತ್ತಿರ ಇರುವುದು ಮೂರೇ ಪೈಸೆ, ಗೆಳೆಯ ಮೊಹಸಿನ್ ಹತ್ತಿರ 15. ಅಂಗಡಿಯವನು ಚಿಮ್ಟಾಗೆ ಆರು ಅನ್ನುತ್ತಾನೆ, ಐದಕ್ಕೆ ಇಳಿಯುತ್ತಾನೆ. ಹುಡುಗ ಮೂರಕ್ಕೆ ಕೊಡುತ್ತೀಯಾ ಅಂತ ಕೇಳುತ್ತಾನೆ. ಈ ಲೆಕ್ಕ ಮೊದಲೇ ತಲೆಯಲ್ಲಿದ್ದರೆ ‘ತೀನ್ ಪೈಸೆ ಲೋಗೇ?’ ಅನ್ನುವ ಕಡೆ ಕೋಣೆಯೇ ಉಸಿರು ಹಿಡಿಯುತ್ತದೆ. ಇಲ್ಲದಿದ್ದರೆ ಇವತ್ತಿನ ಕಿವಿಗೆ ಮೂರೂ ಒಂದೇ, ಹದಿನೈದೂ ಒಂದೇ.

ಗುಲೇರಿಯವರ ‘ಉಸ್ನೇ ಕಹಾ ಥಾ’ ಓದುವಾಗ ಹೇಳಬೇಕಾದ್ದು ಬೇರೆ. 1915ರಲ್ಲಿ ‘ಸರಸ್ವತಿ’ ಪತ್ರಿಕೆಯಲ್ಲಿ ಬಂದ ಕತೆ, ಮೊದಲ ಮಹಾಯುದ್ಧ ಆಗಿನ್ನೂ ನಡೆಯುತ್ತಿತ್ತು. ಅಮೃತಸರದ ಅಂಗಡಿಯಲ್ಲಿ ಹನ್ನೆರಡರ ಹುಡುಗ ಎಂಟರ ಹುಡುಗಿಯನ್ನು ‘ತೇರೀ ಕುಡ್‌ಮಾಈ ಹೋ ಗಈ?’ ಅಂತ ಕೇಳುತ್ತಾನೆ. ಕುಡ್‌ಮಾಈ ಅಂದರೆ ನಿಶ್ಚಿತಾರ್ಥ, ಪಂಜಾಬಿ ಪದ. ಅವಳು ‘ಧತ್’ ಅಂದು ಓಡುತ್ತಾಳೆ. ಈ ಒಂದು ಪದ ಮೊದಲೇ ಹೇಳಿಬಿಟ್ಟರೆ ಸಾಕು. ಮುಂದಿನ ಭಾಗ ನೇರ ಯುರೋಪಿನ ಕಂದಕದಲ್ಲಿ ಶುರುವಾಗುತ್ತದೆ, ಇಪ್ಪತ್ತೈದು ವರ್ಷ ಕಳೆದಿರುವುದು ಆಮೇಲೆ ತಿಳಿಯುತ್ತದೆ. ಪುಸ್ತಕದಲ್ಲಿ ಅಲ್ಲಿ ಅಂಕಿ ಇದೆ, ಕೇಳುವವರಿಗೆ ಅಂಕಿ ಕಾಣುವುದಿಲ್ಲ. ನೀನು ಅಲ್ಲಿ ಪೂರ್ತಿ ನಿಲ್ಲಿಸಿ ಒಂದು ಗುಟುಕು ನೀರು ಕುಡಿ. ಸುಮ್ನೆ ಹೇಳುತ್ತಿಲ್ಲ, ನಾನು ಮೊದಲ ಸಲ ನಿಲ್ಲಿಸದೆ ಓದಿದಾಗ ಕೇಳುತ್ತಿದ್ದವರೊಬ್ಬರು, ‘ಅಂಗಡಿ ಹುಡುಗ ಇಷ್ಟು ಬೇಗ ಮಿಲಿಟರಿ ಸೇರಿದನಾ?’ ಅಂತ ಕೇಳಿದ್ದರು.

ಪ್ರಶ್ನೆ: ಬೇರೆ ಬೇರೆ ಪಾತ್ರಕ್ಕೆ ಬೇರೆ ಬೇರೆ ದನಿ ಮಾಡಬೇಕಾ? ಹಿನ್ನೆಲೆಗೆ ಕೊಳಲು ಹಾಕಿದರೆ ಚೆನ್ನಾಗಿರುತ್ತದಾ?
— ಓದುಗರು, ಉಡುಪಿ

ಉತ್ತರ: ಬೇಡ. ಬೇಡ.

ಸರಿ, ಒಂದು ಮಾತು ಸೇರಿಸುತ್ತೇನೆ. ಬನಾರಸ್ ಎದುರಿನ ರಾಮನಗರದ ರಾಮಲೀಲೆ ಸುಮಾರು ಒಂದು ತಿಂಗಳು ನಡೆಯುತ್ತದೆ, ಸಾವಿರಾರು ಜನ, ಮೈಕ್ ಇಲ್ಲ. ಮಾತು ಶುರುವಾಗುವ ಮೊದಲು ‘ಚುಪ್ ರಹೋ, ಸಾವಧಾನ್’ ಅಂತ ಕೂಗುತ್ತಾರೆ. ಆಮೇಲೆ ಪಾತ್ರಧಾರಿಗಳು ಒಂದೊಂದು ಪದವನ್ನೂ ಎಳೆದು, ನಿಧಾನವಾಗಿ ಹೇಳುತ್ತಾರೆ. ಕೊಳಲಿಗೆ ಖರ್ಚು ಮಾಡುವ ಶ್ರಮವನ್ನು ನಿಧಾನ ಓದಲು ಖರ್ಚು ಮಾಡಿ.

ಪ್ರಶ್ನೆ: ಓದಿದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಆಗಿ ಹಾಕಬೇಕು ಅಂತಿದೆ. ರೇಣು ಅವರ ಕತೆಗಳಿಂದ ಶುರು ಮಾಡೋಣ ಅಂದುಕೊಂಡಿದ್ದೇನೆ. ಹಳೆಯ ಕತೆ ತಾನೇ, ಯಾರ ಒಪ್ಪಿಗೆಯೂ ಬೇಡ ಅಲ್ವಾ?
— ಓದುಗರು, ಬೆಂಗಳೂರು

ಉತ್ತರ: ಬೇಕು. ಹಳೆಯದು ಅನ್ನುವುದು ಕಾನೂನಿನಲ್ಲಿ ಬೇರೆ ಲೆಕ್ಕ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಫಣೀಶ್ವರನಾಥ ರೇಣು ತೀರಿಕೊಂಡಿದ್ದು 1977ರಲ್ಲಿ, ಅಂದರೆ 2037 ಮುಗಿಯುವವರೆಗೆ ಕಾಯಬೇಕು, ಇಲ್ಲವೇ ಅನುಮತಿ ಪಡೆಯಬೇಕು. ಮಹಾದೇವಿ ವರ್ಮಾ 1987, ಅವರದು ಇನ್ನೂ ದೂರ. ‘ಮಧುಶಾಲಾ’ 1935ರದು, ಆದರೆ ಹರಿವಂಶರಾಯ್ ಬಚ್ಚನ್ ಇದ್ದದ್ದು 2003ರವರೆಗೆ, ಹಾಗಾಗಿ ಅದನ್ನಂತೂ ಮುಟ್ಟಬೇಡಿ. ಪ್ರೇಮಚಂದ್ (1936), ಜಯಶಂಕರ ಪ್ರಸಾದ್ (1937), ಗುಲೇರಿ (1922) ಇವರು ಬದುಕಿದ್ದಾಗ ಅಚ್ಚಾದ ಕತೆಗಳನ್ನು ಧಾರಾಳವಾಗಿ ಓದಿ ಹಾಕಿ. ನಿರಾಲಾ 1961ರಲ್ಲಿ ತೀರಿಕೊಂಡರು, ಅವರೂ 2022ರ ಜನವರಿಯಿಂದ ಈ ಸಾಲಿಗೆ ಬಂದಿದ್ದಾರೆ. ಅವರ ಕಲ್ಲು ಒಡೆಯುವ ಹೆಂಗಸಿನ ಪದ್ಯದಿಂದ ಶುರು ಮಾಡಿದರೆ ನಾನೇ ಮೊದಲು ಕೇಳುತ್ತೇನೆ. ಒಂದು ನೆನಪಿರಲಿ, ಮೂಲ ಫ್ರೀ ಆದರೂ ಕನ್ನಡ ಅನುವಾದ ಅನುವಾದಕರದ್ದು, ಅದರ ಲೆಕ್ಕ ಬೇರೆ.

ರೇಣು ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ‘ಪಹಲ್‌ವಾನ್ ಕೀ ಢೋಲಕ್’ನಲ್ಲಿ ಢೋಲಕ್ಕಿನ ‘ಚಟ್ ಧಾ, ಗಿಡ್ ಧಾ’ ಆ ಪೈಲ್ವಾನನ ಕಿವಿಗೆ ‘ಆ ಜಾ, ಭಿಡ್ ಜಾ’ ಅಂತ ಕೇಳಿಸುತ್ತದೆ. ಕಣ್ಣಿಗಿಂತ ಕಿವಿಗೇ ಬರೆದಿರುವ ಕತೆ ಅದು. ಮನೆಯಲ್ಲಿ ಓದಿ, ಯಾರೂ ಕೇಳುವುದಿಲ್ಲ.

ಪ್ರಶ್ನೆ: ನಮ್ಮ ಗ್ರಂಥಾಲಯದ ಓದುಗರ ಬಳಗದಲ್ಲಿ ‘ಕಫ಼ನ್’ ಓದಬೇಕೆಂದಿದ್ದೇವೆ. ಮೊದಲ ಪುಟದಲ್ಲೇ ಜಾತಿಯ ಹೆಸರು ಬರುತ್ತದೆ. ಬಿಟ್ಟು ಓದಬಹುದಾ? ಬಳಗದಲ್ಲಿ ದಲಿತ ಗೆಳೆಯರೂ ಇದ್ದಾರೆ.
— ಓದುಗರು, ಕಲಬುರಗಿ

ಉತ್ತರ: ನೀವು ನನ್ನನ್ನು ಕೇಳುವ ಮೊದಲು ಅವರನ್ನು ಕೇಳಬೇಕಿತ್ತು. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ.

ಪುಸ್ತಕ ಕಣ್ಣಲ್ಲಿ ಓದುವಾಗ ಆ ಪದ ಕಾಗದದ ಮೇಲಿರುತ್ತದೆ. ಗಟ್ಟಿಯಾಗಿ ಓದಿದಾಗ ಅದು ನಿಮ್ಮ ಬಾಯಿಂದ ಬರುತ್ತದೆ, ಪಕ್ಕದಲ್ಲಿ ಕೂತವರ ಕಿವಿಗೆ ಬೀಳುತ್ತದೆ. ಎರಡೂ ಒಂದೇ ಅಲ್ಲ. 2004ರಲ್ಲಿ ದೆಹಲಿಯಲ್ಲಿ ಒಂದು ದಲಿತ ಸಂಘಟನೆ ಪ್ರೇಮಚಂದರ ‘ರಂಗಭೂಮಿ’ಯ ಪ್ರತಿಗಳನ್ನು ಸುಟ್ಟು ಪ್ರತಿಭಟಿಸಿದ್ದು ಇಂಥದೇ ಪದಕ್ಕಾಗಿ. ಪುಸ್ತಕ ಸುಡುವುದು ನನಗೆ ಒಪ್ಪಿಗೆಯಿಲ್ಲ, ಆದರೆ ನೋವು ಸುಳ್ಳಲ್ಲ. ಕಫ಼ನ್ ಮೇಲಂತೂ ದಲಿತ ಲೇಖಕರ ಆಕ್ಷೇಪ ಪದಕ್ಕೇ ನಿಲ್ಲುವುದಿಲ್ಲ. ಸೊಸೆ ಒಳಗೆ ಹೆರಿಗೆ ನೋವಿನಲ್ಲಿ ಸಾಯುತ್ತಿರುವಾಗ ಹೊರಗೆ ಆಲೂಗಡ್ಡೆ ಸುಟ್ಟು ತಿನ್ನುವ ಅಪ್ಪ-ಮಗನನ್ನು ಆ ಜಾತಿಯವರೇ ಯಾಕೆ ಮಾಡಬೇಕಿತ್ತು ಅನ್ನುವುದು ಅವರ ಪ್ರಶ್ನೆ.

ನನ್ನ ಮಟ್ಟಿಗೆ, ಬಿಟ್ಟು ಓದುವುದು ಸರಿಯಲ್ಲ. ಜಾತಿ ತೆಗೆದರೆ ಘೀಸೂ ಮತ್ತು ಮಾಧವ್ ಬರೀ ಸೋಮಾರಿಗಳಾಗಿಬಿಡುತ್ತಾರೆ, ದುಡಿದವನಿಗೂ ಏನೂ ಸಿಗದ ಊರಿನಲ್ಲಿ ಯಾಕೆ ದುಡಿಯಬೇಕು ಅನ್ನುವ ಕತೆಯ ಒಳಗಿನ ಮಾತೇ ಹಾರಿಹೋಗುತ್ತದೆ. ಹಿಂದಿನ ವಾರವೇ ಎಲ್ಲರಿಗೂ ತಿಳಿಸಿ, ಯಾರಾದರೂ ಬೇಡ ಅಂದರೆ ಆ ದಿನ ಬೇರೆ ಕತೆ ಓದಿ, ಕಾರಣ ಕೇಳಬೇಡಿ. ‘ಠಾಕೂರ್ ಕಾ ಕುಆಂ’ ಇದೆ, ಚಿಕ್ಕದು, ರಾತ್ರಿ ಕದ್ದು ನೀರು ಸೇದಲು ಹೋದ ಗಂಗಿಯ ಎದೆ ಬಡಿತ ಓದುವವರ ದನಿಗೂ ಬರುತ್ತದೆ. ಕಫ಼ನ್ ಓದಿದರೆ ಮುಂದಿನ ವಾರಕ್ಕೆ ಓಂಪ್ರಕಾಶ್ ವಾಲ್ಮೀಕಿಯವರ ಆತ್ಮಕತೆ ‘ಜೂಠನ್’ನ ಕೆಲವು ಪುಟ ಇಟ್ಟುಕೊಳ್ಳಿ. ಮತ್ತೆ ಓದುವಾಗ, ಆ ಇಬ್ಬರು ಶವದ ಬಟ್ಟೆಯ ದುಡ್ಡಲ್ಲಿ ಕುಡಿಯುವ ಭಾಗ ಬಂದಾಗ ಜನ ನಗುತ್ತಾರೆ. ನಗಲಿ. ನೀವು ನಗಬೇಡಿ, ದನಿ ಭಾರ ಮಾಡಿಕೊಳ್ಳುವುದೂ ಬೇಡ.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ, ಶಾಲೆಯಲ್ಲಿ ಹಿಂದಿ ಮೂರನೇ ಭಾಷೆ. ರಾತ್ರಿ ‘ಪೂಸ್ ಕೀ ರಾತ್’ ಓದಿದೆ, ನಾಲ್ಕು ನಿಮಿಷಕ್ಕೆ ನಿದ್ದೆ ಹೋದಳು.
— ಓದುಗರು, ದಾವಣಗೆರೆ

ಉತ್ತರ: ಕಂಬಳಿ ಇಲ್ಲದೆ ಹೊಲದಲ್ಲಿ ನಾಯಿ ತಬ್ಬಿಕೊಂಡು ನಡುಗುವ ರೈತನ ಕತೆಯನ್ನು ಬೆಚ್ಚಗೆ ಹೊದ್ದು ಮಲಗಿದ ಮಗುವಿಗೆ ಓದಿದರೆ ಇನ್ನೇನಾಗುತ್ತದೆ? ಅದಕ್ಕೆ ಇನ್ನೂ ನಾಲ್ಕು ವರ್ಷ ಬಿಡಿ.

ದೇವಕೀನಂದನ್ ಖತ್ರಿಯವರ ‘ಚಂದ್ರಕಾಂತಾ’ ತನ್ನಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದಾಗ ಇದನ್ನು ಓದಲೆಂದೇ ಎಷ್ಟೋ ಜನ ಹಿಂದಿ ಕಲಿತರು ಅಂತ ಹೇಳುವುದುಂಟು. ತೊಂಬತ್ತರ ದಶಕದಲ್ಲಿ ದೂರದರ್ಶನ ನೋಡಿದವರಿಗೆ ಕ್ರೂರ್ ಸಿಂಗ್‌ನ ‘ಯಕ್ಕೂ’ ನೆನಪಿರಬಹುದು, ಅದೇ ಚಂದ್ರಕಾಂತಾ. ಅಧ್ಯಾಯಗಳಿಗೆ ‘ಬಯಾನ್’ ಅಂತ ಹೆಸರು, ಚಿಕ್ಕ ಚಿಕ್ಕವು, ಪ್ರತಿಯೊಂದೂ ಮುಂದೇನು ಅನ್ನುವ ಕಡೆ ನಿಲ್ಲುತ್ತದೆ. ದಿನಕ್ಕೆ ಒಂದೇ ಬಯಾನ್. ಇನ್ನೊಂದು ಬೇಕು ಅಂತ ಅತ್ತರೂ ಒಂದೇ.

ಅದಕ್ಕೂ ಮೊದಲು ಒಂದು ರಾತ್ರಿ ಪ್ರೇಮಚಂದರ ‘ಬಡೇ ಭಾಈ ಸಾಹಬ್’ ಓದಿ. ವಯಸ್ಸಲ್ಲಿ ಐದು ವರ್ಷ ದೊಡ್ಡವನು, ತರಗತಿಯಲ್ಲಿ ಮೂರೇ ಮುಂದೆ, ಆದರೂ ತಮ್ಮನಿಗೆ ಉದ್ದುದ್ದ ಉಪದೇಶ ಕೊಡುವ ಅಣ್ಣ. ಆ ಉಪದೇಶಗಳನ್ನು ಉಸಿರು ಬಿಡದೆ ಓದಿ, ಮಗಳು ನಗುತ್ತಾಳೆ. ಕೊನೆಯಲ್ಲಿ ಕಿತ್ತುಹೋದ ಗಾಳಿಪಟವೊಂದು ತಲೆ ಮೇಲೆ ಹಾರಿಬರುತ್ತದೆ, ಹುಡುಗರ ಗುಂಪು ಹಿಂದೆ ಓಡಿಬರುತ್ತದೆ, ಅಣ್ಣ ಜಿಗಿದು ದಾರ ಹಿಡಿದು ಹಾಸ್ಟೆಲ್ ಕಡೆ ಓಟ. ಅಲ್ಲಿಗೆ ಬಂದಾಗ ಪುಸ್ತಕವನ್ನು ಅವಳ ಕೈಗೆ ಕೊಟ್ಟುಬಿಡಿ, ಆ ನಾಲ್ಕು ಸಾಲು ಅವಳೇ ಓದಲಿ. ‘ಲಡ್ಕೋಂ’ ಅನ್ನುವ ಕಡೆ ಲ-ಡ-ಕೋಂ ಅಂತ ಬಿಡಿಸಿ ಓದಿದರೂ ಆ ರಾತ್ರಿ ತಿದ್ದಬೇಡಿ.